ದಾರಿಯಲ್ಲಿ ಕೈಕೊಟ್ಟ ಬೈಕು, ಕೈಹಿಡಿಯುವ ಊರು

ಬೆಂಗಳೂರಿನಿಂದ ಮೈಸೂರಿನತ್ತ ಹೊರಟವರಿಗೆ ಬಿಡದಿ ದಾಟುತ್ತಿದ್ದಂತೆ ಬಂಡೆಗಳ ರಾಜ್ಯ ಎದುರಾಗುತ್ತದೆ. ಒಂದರ ಮೇಲೊಂದು ಪೇರಿಸಿಟ್ಟಂತಹ ಹೆಬ್ಬಂಡೆಗಳು, ಅವುಗಳ ಬುಡದಲ್ಲಿ ಹಸಿರು ಹಾಸಿದ ಹಿಪ್ಪುನೇರಳೆ ತೋಟಗಳು, ನಡುನಡುವೆ ತೆಂಗಿನ ಸಾಲು. ರಾಮನಗರ ಬಂತೆಂದು ತಿಳಿಯಲು ನಾಮಫಲಕ ಬೇಕಾಗುವುದಿಲ್ಲ. ಈ ಹಾದಿಯಲ್ಲಿ ಆಗೊಮ್ಮೆ ಈಗೊಮ್ಮೆ ಎರಡೂ ಬದಿಗೆ ಪೆಟ್ಟಿಗೆ ಕಟ್ಟಿಕೊಂಡ ಭಾರಿ ಮೋಟಾರ್ ಸೈಕಲ್ಲುಗಳು ಗುಡುಗುಡಿಸುತ್ತಾ ಸಾಗುತ್ತವೆ. ಸವಾರರಲ್ಲಿ ಕೆಲವರು ಬೆಂಗಳೂರಿನ ಕಾಲೇಜು ಹುಡುಗರು, ಕೆಲವರು ಕಡಲಾಚೆಯಿಂದ ಬಂದವರು.

ಹೀಗೆ ಸಾಗುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ನಿಂತುಬಿಟ್ಟರೆ? ಗುಡುಗುಡು ಸದ್ದು ಅಡಗಿ, ಬಿಸಿಯಾದ ಎಂಜಿನ್ನಿನ ಟಿಕ್ ಟಿಕ್ ಸದ್ದು ಮಾತ್ರ ಉಳಿದರೆ? ಭಾಷೆ ಬಾರದ, ನೆಂಟರಿಲ್ಲದ ಊರಿನಲ್ಲಿ ಕೆಟ್ಟು ನಿಂತ ವಾಹನದಂತಹ ಅನಾಥ ವಸ್ತು ಮತ್ತೊಂದಿಲ್ಲ. ಆದರೆ ಪ್ರವಾಸ ಹೋಗಿ ಬಂದವರನ್ನು ಮಾತನಾಡಿಸಿ ನೋಡಿ. ಅವರು ಮೊದಲು ಹೇಳುವುದು ಕಂಡ ಕೋಟೆಯ ಕಥೆಯನ್ನಲ್ಲ, ಗಾಡಿ ಕೆಟ್ಟುಹೋದ ಕಥೆಯನ್ನು! ಊರಿನ ನಿಜವಾದ ಪರಿಚಯ ಶುರುವಾಗುವುದೇ ಅಲ್ಲಿಂದ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ- ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿತು. ದೂರದೇಶಕ್ಕೆ ಬೈಕಿನಲ್ಲಿ ಹೋಗುವ ಕನಸು ಕಾಣುವ ವಿದ್ಯಾರ್ಥಿಗಳಿಗೆ ಈ ನಾಲ್ಕು ಊರುಗಳ ಸುತ್ತು ಒಳ್ಳೆಯ ಪಾಠಶಾಲೆ. ಇಲ್ಲಿ ಹೆದ್ದಾರಿಯಿದೆ, ಹಳ್ಳಿದಾರಿಯಿದೆ, ಬೆಟ್ಟವಿದೆ, ಕಾಡೂ ಇದೆ. ಗಾಡಿ ಕೆಟ್ಟರೆ ಒಂದೊಂದು ಕಡೆಯೂ ಒಂದೊಂದು ಬಗೆಯ ಉತ್ತರ!

ಮೊದಲ ಹತ್ತು ನಿಮಿಷ

ಗಾಡಿ ನಿಂತೊಡನೆ ಮಾಡಬೇಕಾದ ಮೊದಲ ಕೆಲಸ ರಿಪೇರಿಯಲ್ಲ, ಜೀವ ಉಳಿಸಿಕೊಳ್ಳುವುದು. ಬೈಕನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಬೇಕು. ತಿರುವಿನಲ್ಲಿ ನಿಂತಿದ್ದರೆ ನೇರ ರಸ್ತೆ ಸಿಗುವವರೆಗೆ ತಳ್ಳಬೇಕು. ಹಿಂದಿನಿಂದ ಬರುವವರಿಗೆ ಕಾಣುವಂತೆ ದೀಪ ಹಾಕಬೇಕು, ಇಲ್ಲವೆ ಒಂದಿಷ್ಟು ಸೊಪ್ಪು ಕಡಿದು ಹಿಂದೆ ಹಾಕಬೇಕು. ಸೊಪ್ಪು ಹಾಕುವುದು ನಮ್ಮ ಲಾರಿ ಚಾಲಕರ ಹಳೆಯ ರೂಢಿ. ಯಾವ ಭಾಷೆಯವನಿಗಾದರೂ ಅದು ಅರ್ಥವಾಗುತ್ತದೆ.

ಆಮೇಲೆ ನೀರು ಕುಡಿದು ಎರಡು ನಿಮಿಷ ನೆರಳಿನಲ್ಲಿ ಕೂರುವುದು ಲೇಸು. ಗಾಬರಿಯಲ್ಲಿ ಬಿಚ್ಚಿದ ನಟ್ಟು ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ!

ಪೆಟ್ರೋಲ್ ಎಂಜಿನ್ ಓಡಲು ಬೇಕಾದದ್ದು ಮುಖ್ಯವಾಗಿ ಮೂರು: ಪೆಟ್ರೋಲು, ಗಾಳಿ, ಕಿಡಿ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಇದನ್ನು ಓದಿದವರೂ ದಾರಿಯಲ್ಲಿ ಮರೆಯುತ್ತಾರೆ. ಟ್ಯಾಂಕಿನಲ್ಲಿ ಪೆಟ್ರೋಲಿದೆಯೇ? ಹ್ಯಾಂಡಲಿನ ಮೇಲಿರುವ ಎಂಜಿನ್ ನಿಲ್ಲಿಸುವ ಕೆಂಪು ಗುಂಡಿಯನ್ನು ಯಾರಾದರೂ ಒತ್ತಿದ್ದಾರೆಯೇ? ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಕೆಳಗಿದ್ದರೂ ಎಂಜಿನ್ ನಿಲ್ಲುವುದುಂಟು. ಇಷ್ಟನ್ನು ನೋಡದೆ ಮೈಲಿಗಟ್ಟಲೆ ತಳ್ಳಿ, ಮೆಕ್ಯಾನಿಕ್ಕಿನ ಮುಂದೆ ನಾಚಿಕೊಂಡವರು ಬಹಳ ಮಂದಿ!

ಸ್ವಲ್ಪ ದೂರ ಓಡುವುದು, ನಿಲ್ಲುವುದು, ಮತ್ತೆ ಓಡುವುದು- ಹೀಗಾದರೆ ಟ್ಯಾಂಕಿನ ಮುಚ್ಚಳ ತೆರೆದು ಮುಚ್ಚಿ ನೋಡಬೇಕು. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ರಂಧ್ರ ಧೂಳಿನಿಂದ ಮುಚ್ಚಿದ್ದರೆ ಪೆಟ್ರೋಲು ಕೆಳಗಿಳಿಯುವುದಿಲ್ಲ. ಕಿಡಿಯ ಅನುಮಾನವಿದ್ದರೆ ಪ್ಲಗ್ ಬಿಚ್ಚಿ ನೋಡಬೇಕು. ಅದು ಎಣ್ಣೆಯಿಂದ ಕಪ್ಪಾಗಿದ್ದರೆ ಒರೆಸಿ, ನಯವಾದ ಉಪ್ಪುಕಾಗದದಿಂದ ತಿಕ್ಕಿ ಹಾಕಿದರೆ ಹಳೆಯ ಗಾಡಿಗಳು ಎಷ್ಟೋ ಸಲ ಎದ್ದು ಕೂರುತ್ತವೆ. ಕಾರ್ಬ್ಯುರೇಟರ್ ಇಲ್ಲದ ಇಂದಿನ ಗಾಡಿಗಳಲ್ಲಿ ಕೀಲಿ ತಿರುಗಿಸಿದಾಗ ಪೆಟ್ರೋಲ್ ಪಂಪಿನ ಗುಂಯ್ ಎಂಬ ಸದ್ದು ಕೇಳಿಸಬೇಕು. ಕೇಳಿಸದಿದ್ದರೆ ಫ್ಯೂಸ್ ನೋಡಬೇಕು. ಇಷ್ಟರಲ್ಲಿ ಬಗೆಹರಿಯಲಿಲ್ಲವೆಂದರೆ ಮನುಷ್ಯರನ್ನು ಹುಡುಕಿಕೊಂಡು ಹೋಗುವ ಸಮಯ ಬಂತೆಂದೇ ಅರ್ಥ.

ಹಳೆಯ ರಸ್ತೆಗೆ ಮರಳಿದ ಗಾಡಿಗಳು

ಬೆಂಗಳೂರು-ಮೈಸೂರು ನಡುವಿನ ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ವೇಗದ ವಾಹನಗಳ ನಡುವೆ ಸಿಕ್ಕಿ ಅಪಘಾತಗಳಾಗುತ್ತಿದ್ದ ಕಾರಣ ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಷಿದ್ಧವಾಯಿತು. ಕಾರು, ಬಸ್ಸುಗಳು ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹಾರಿಹೋಗುತ್ತವೆ. ಬೈಕಿನವನಿಗೆ ಮಾತ್ರ ಊರೊಳಗಿನ ಹಳೆಯ ರಸ್ತೆಯೇ ಗತಿ. ಇದೊಂದು ನಷ್ಟವೆಂದು ಕೊರಗುವವರಿದ್ದಾರೆ. ಗಾಡಿ ಕೆಟ್ಟ ದಿನ ಅದೇ ಲಾಭವೆಂದು ತಿಳಿಯುತ್ತದೆ. ಹೆದ್ದಾರಿಯ ಬೇಲಿಯಾಚೆ ಯಾರೂ ಸಿಗುವುದಿಲ್ಲ. ಹಳೆಯ ರಸ್ತೆಯಲ್ಲಿ ಕೂಗಿದರೆ ಓಗೊಡುವಷ್ಟು ದೂರದಲ್ಲಿ ಟೀ ಅಂಗಡಿ, ಅದರ ಪಕ್ಕದಲ್ಲಿ ಹಳೆಯ ಟೈರು ನೇತುಹಾಕಿದ ಪಂಚರ್ ಅಂಗಡಿ!

ಈ ರಸ್ತೆಗೂ ಮೋಟಾರ್ ಸೈಕಲ್ಲಿಗೂ ಹಳೆಯ ನಂಟು. ಇದರ ಇನ್ನೊಂದು ತುದಿಯಾದ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಬೈಕುಗಳನ್ನು ತಯಾರಿಸಿತು. ಜಾವಾ ಮೂಲತಃ ಚೆಕೊಸ್ಲೊವಾಕಿಯದ ಗಾಡಿ. ಜಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲ ಅಕ್ಷರಗಳೂ ವಾಂಡರರ್ ಎಂಬ ಜರ್ಮನ್ ಗಾಡಿಯ ಹೆಸರಿನ ಮೊದಲ ಅಕ್ಷರಗಳೂ ಕೂಡಿ ಆದ ಹೆಸರದು. ಅದೇ ಮುಂದೆ ಮೈಸೂರಿನಲ್ಲಿ ಯೆಜ್ಡಿಯಾಗಿ ಹಳ್ಳಿಯ ಮೇಷ್ಟರನ್ನೂ ರೇಷ್ಮೆ ವ್ಯಾಪಾರಿಯನ್ನೂ ಹೊತ್ತು ತಿರುಗಿತು. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಬಗ್ಗಿಸಿ ಗೇರ್ ಹಾಕುವ ಅದರ ಚಮತ್ಕಾರ ಹಳಬರಿಗೆ ಇನ್ನೂ ನೆನಪಿದೆ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಅದನ್ನು ಬಿಚ್ಚಿ ಜೋಡಿಸುತ್ತಾ ಕಲಿತವರ ವಿದ್ಯೆ ಈ ಭಾಗದ ಗ್ಯಾರೇಜುಗಳಲ್ಲಿ ಶಿಷ್ಯರಿಂದ ಶಿಷ್ಯರಿಗೆ ಇಳಿದುಬಂದಿದೆ.

ಇಂತಹ ಗ್ಯಾರೇಜಿಗೆ ಹೊರದೇಶದ ಸವಾರ ಗಾಡಿ ತಳ್ಳಿಕೊಂಡು ಬಂದರೆ ನಡೆಯುವ ಸಂಭಾಷಣೆ ಕೇಳಲು ಸೊಗಸು. ಅವನ ಇಂಗ್ಲಿಷು ಇವರಿಗೆ ಪೂರ್ತಿ ತಿಳಿಯದು, ಇವರ ಕನ್ನಡ-ಉರ್ದು ಅವನಿಗೆ ಒಂದಿಷ್ಟೂ ತಿಳಿಯದು. "ಏನ್ಸಾರ್, ಸ್ಟಾರ್ಟ್ ಆಗ್ತಿಲ್ವಾ? ಕರೆಂಟ್ ಬರ್ತಿದ್ಯಾ ನೋಡೋಣ ಇರಿ" ಎನ್ನುತ್ತಾ ಮೆಕ್ಯಾನಿಕ್ಕು ಪ್ಲಗ್ಗಿಗೆ ಕೈಹಾಕುತ್ತಾನೆ. ಪ್ಲಗ್, ಕ್ಲಚ್, ಚೈನ್, ಬ್ರೇಕ್- ಈ ನಾಲ್ಕು ಪದಗಳು ಎಲ್ಲಾ ದೇಶದವರಿಗೂ ಸೇರಿದವು. ಉಳಿದದ್ದನ್ನು ಕೈಸನ್ನೆ ನಡೆಸಿಕೊಡುತ್ತದೆ. ಅಷ್ಟರಲ್ಲಿ ಯಾರೋ ಸ್ಟೂಲು ತಂದು ಹಾಕುತ್ತಾರೆ, ಇನ್ಯಾರೋ ಟೀ ಹೇಳುತ್ತಾರೆ, ಶಾಲೆಯಿಂದ ಬಂದ ಮಕ್ಕಳು ಸುತ್ತ ನೆರೆಯುತ್ತಾರೆ.

ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೇ ರಸ್ತೆಯ ಬದಿಯಲ್ಲಿದೆ. ಗಾಡಿ ರಿಪೇರಿಯಾಗುವವರೆಗೆ ಅಲ್ಲಿಗೆ ಹೋಗಿ ಬರಬಹುದು. ಹಳೆಯ ಬೇಸಾಯದ ಉಪಕರಣಗಳನ್ನು ನೋಡುವಾಗ ಒಂದು ಮಾತು ಹೊಳೆಯದೆ ಇರದು: ದಾರಿಯಲ್ಲಿ ವಾಹನ ಕೆಡುವುದು ಮೋಟಾರು ಬಂದಮೇಲೆ ಹುಟ್ಟಿದ ಸಂಕಟವಲ್ಲ. ಎತ್ತಿನ ಗಾಡಿಯ ಕಡಾಣಿ ಕಳಚಿ ಬಿದ್ದಾಗಲೂ ಹೀಗೆಯೇ ಮುಂದಿನ ಊರಿನ ಬಡಗಿ, ಕಮ್ಮಾರರನ್ನು ಹುಡುಕಿಕೊಂಡು ಹೋಗಬೇಕಿತ್ತು.

ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿ 1975ರಲ್ಲಿ ತೆರೆಕಂಡ 'ಷೋಲೆ'ಯನ್ನು ಮರೆಯುವುದುಂಟೆ? ಅದರಲ್ಲಿ ಇಬ್ಬರು ಗೆಳೆಯರು ಪಕ್ಕದಲ್ಲಿ ತೊಟ್ಟಿಲು ಕಟ್ಟಿದ ಮೋಟಾರ್ ಸೈಕಲ್ಲಿನಲ್ಲಿ ಹಾಡುತ್ತಾ ಹೋಗುತ್ತಾರೆ. ತೊಟ್ಟಿಲು ಕಳಚಿಕೊಂಡು ಬೇರೆ ದಾರಿ ಹಿಡಿದು, ಮತ್ತೆ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ! ನಿಜವಾದ ರಸ್ತೆಯಲ್ಲಿ ಕಳಚಿದ್ದು ತಾನಾಗಿ ಸೇರುವುದಿಲ್ಲ. ಅದಕ್ಕೆ ಸ್ಪ್ಯಾನರು ಬೇಕು, ಸಹನೆ ಬೇಕು.

ಬೊಂಬೆಯೂರಿನ ಪಾಠ

ರಾಮನಗರದಿಂದ ಸುಮಾರು 12 ಕಿ.ಮೀ. ಮುಂದೆ ಚನ್ನಪಟ್ಟಣ. ಇಲ್ಲಿನ ಬಣ್ಣದ ಬೊಂಬೆಗಳನ್ನು ಕೊಳ್ಳುವವರು ಅನೇಕರು, ಅವು ತಯಾರಾಗುವುದನ್ನು ನಿಂತು ನೋಡುವವರು ಕೆಲವರು. ಒಣಗಿಸಿದ ಹಾಲೆ ಮರದ ತುಂಡು ಲೇತ್ ಯಂತ್ರದಲ್ಲಿ ಗಿರ್ರನೆ ತಿರುಗುತ್ತದೆ. ಕುಶಲಕರ್ಮಿ ಉಳಿ ಹಿಡಿದು ಅದಕ್ಕೆ ರೂಪ ಕೊಡುತ್ತಾನೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾನೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ಗರಿಯಿಂದ ಉಜ್ಜಿ ಹೊಳಪು ತರುತ್ತಾನೆ.

ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಲ್ಲಿದೆ. ಬೊಂಬೆಗೆ ಬಣ್ಣ ಹಚ್ಚುವ ಈ ತಿಕ್ಕಾಟದ ಬಿಸಿಯೇ ಎಣ್ಣೆ ಕಡಿಮೆಯಾದ ಎಂಜಿನ್ನಿನಲ್ಲಿ ಪಿಸ್ಟನ್ನನ್ನು ಸಿಲಿಂಡರಿಗೆ ಕಚ್ಚಿಸಿಬಿಡುತ್ತದೆ. ಹಾಗೆ 'ಜಾಮ್' ಆದ ಎಂಜಿನ್ನಿಗೆ ಬಲವಂತವಾಗಿ ಕಿಕ್ ಹೊಡೆಯಬಾರದು. ಪೂರ್ತಿ ತಣಿಯಲು ಬಿಟ್ಟು, ಎಣ್ಣೆ ನೋಡಿ, ಆಮೇಲೆ ಮುಂದಿನ ಯೋಚನೆ.

ಚನ್ನಪಟ್ಟಣದ ಈ ಕಲೆಯೂ ಪರದೇಶದ ಪಾಠವನ್ನು ಊರಿಗೆ ಒಗ್ಗಿಸಿಕೊಂಡದ್ದು. 20ನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಅರಗು ಕೆಲಸದ ವಿಧಾನವನ್ನು ಕಲಿತು ಬಂದು ಇಲ್ಲಿನವರಿಗೆ ಕಲಿಸಿದರೆಂದು ಊರು ನೆನೆಯುತ್ತದೆ.

ಬೊಂಬೆಯ ಲೇತಿನಲ್ಲಿ ಬೈಕಿನ ಭಾಗ ಕಡೆಯಲಾಗದು, ನಿಜ. ಆದರೆ ಕಬ್ಬಿಣ ಕಡೆಯುವ ಲೇತು, ವೆಲ್ಡಿಂಗ್ ಅಂಗಡಿಗಳು ಇಂತಹ ಪಟ್ಟಣಗಳಲ್ಲಿ ಉಂಟು. ಮುರಿದ ಸ್ಟ್ಯಾಂಡು, ಬಿರುಕುಬಿಟ್ಟ ಪೆಟ್ಟಿಗೆಯ ಕಂಬಿ, ಸವೆದ ಬುಶ್ಶು- ಇವಕ್ಕೆ ಪರದೇಶದಿಂದ ಭಾಗ ತರಿಸುವ ಅಗತ್ಯವಿಲ್ಲ, ಅರ್ಧ ದಿನದ ಕೆಲಸ. ಗಾಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೆ ಮಾತ್ರ ಇಲ್ಲಿ ಬಿಚ್ಚಿಸಬಾರದು. ಆ ಕಂಪನಿಯವರೇ ನೋಡಬೇಕು.

ಇಲ್ಲಿ ವಿವೇಕ ಬೇಕು. ಕ್ಲಚ್ ವೈರು, ಕಂಬಿ, ಸ್ಟ್ಯಾಂಡುಗಳಿಗೆ ತಾತ್ಕಾಲಿಕ ಉಪಾಯ ನಡೆದೀತು. ಬ್ರೇಕು, ಚಕ್ರದ ಅಚ್ಚು, ಸವೆದ ಟೈರಿಗೆ 'ಸದ್ಯಕ್ಕೆ ನಡೆಯುತ್ತೆ' ಎಂಬ ಮಾತು ಸಲ್ಲದು. ಉಪಾಯವನ್ನು ಕೀಳೆಂದು ಕಾಣುವುದೂ ತಪ್ಪು. ಅಮೆರಿಕದ ರಾಬರ್ಟ್ ಪಿರ್ಸಿಗ್ ತಮ್ಮ ಮಗನನ್ನು ಹಿಂದೆ ಕೂರಿಸಿಕೊಂಡು 1968ರಲ್ಲಿ ಮಾಡಿದ ಬೈಕ್ ಪ್ರವಾಸವನ್ನು ಆಧರಿಸಿ ಬರೆದ ಪುಸ್ತಕ 1974ರಲ್ಲಿ ಪ್ರಕಟವಾಯಿತು. ಜೊತೆಗಾರನ ದುಬಾರಿ ಬೈಕಿನ ಹ್ಯಾಂಡಲ್ ಸಡಿಲವಾದಾಗ, ಬಿಯರ್ ಡಬ್ಬಿಯ ತಗಡನ್ನು ಕತ್ತರಿಸಿ ಸಂದಿಗೆ ಸೇರಿಸಿದರೆ ಬಿಗಿಯಾಗುತ್ತದೆಂದು ಅದರಲ್ಲಿ ಲೇಖಕರು ಹೇಳುತ್ತಾರೆ. ಅಂತಹ ಗಾಡಿಗೆ ಹಳೆಯ ಡಬ್ಬಿಯ ತಗಡೇ ಎಂದು ಗೆಳೆಯ ಒಪ್ಪುವುದಿಲ್ಲ! ನಮ್ಮ ರಸ್ತೆಬದಿಯ ಮೆಕ್ಯಾನಿಕ್ಕುಗಳಿಗೆ ಆ ಸಂಕೋಚವಿಲ್ಲ. ತಗಡು ತಗಡೇ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದ್ದ ಪಿರ್ಸಿಗ್ ಅವರಿಗೆ ಇದು ಮೆಚ್ಚಿಗೆಯಾಗುತ್ತಿತ್ತೋ ಏನೋ.

ಸಂಗಮದ ದಾರಿ

ರಾಮನಗರ, ಚನ್ನಪಟ್ಟಣಗಳಲ್ಲಿ ರೈಲು ನಿಲ್ಲುತ್ತದೆ. ಭಾಗ ಸಿಗದಿದ್ದರೆ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಬಿಡಿಭಾಗ ಕೊಂಡು ಸಂಜೆಗೆ ಹಿಂತಿರುಗಬಹುದು. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ. ಅಲ್ಲಿ ಬಸ್ಸೇ ಆಧಾರ.

ಕನಕಪುರ ದಾಟಿ ಸಂಗಮದತ್ತ ತಿರುಗಿದರೆ ಚಿತ್ರವೇ ಬದಲಾಗುತ್ತದೆ. ಸುಮಾರು 35 ಕಿ.ಮೀ. ದೂರದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಮೇಕೆದಾಟು. ಊರುಗಳು ವಿರಳವಾಗಿ, ರಸ್ತೆ ಕಾಡಿಗೆ ಇಳಿಯುತ್ತದೆ. ಇದು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದ ಸೀಮೆ, ಆನೆಗಳ ನಾಡು. ಮೊಬೈಲ್ ಸಿಗ್ನಲ್ ಸಿಗದ ತಾಣಗಳೂ ಉಂಟು.

ಇಲ್ಲಿ ಗಾಡಿ ಕೆಟ್ಟರೆ ಲೆಕ್ಕಾಚಾರವೇ ಬೇರೆ. ಗಾಡಿ ಮುಖ್ಯವಲ್ಲ, ಹೊತ್ತು ಮುಖ್ಯ. ಸಂಜೆ ನಾಲ್ಕು ಗಂಟೆಯಾಗಿದ್ದರೆ ರಿಪೇರಿಗೆ ಕೂರುವುದು ಬುದ್ಧಿವಂತಿಕೆಯಲ್ಲ. ಬರುವ ಬಸ್ಸನ್ನೋ ಗೂಡ್ಸ್ ಟೆಂಪೋವನ್ನೋ ಕೈಮಾಡಿ ನಿಲ್ಲಿಸಿ, ಬೈಕನ್ನು ಟೆಂಪೋಗೆ ಏರಿಸಬಹುದು. ಅದಾಗದಿದ್ದರೆ ಬೀಗ ಹಾಕಿ ಹತ್ತಿರದ ಮನೆಯವರಿಗೆ ತಿಳಿಸಿ, ಸವಾರ ಮಾತ್ರ ಊರು ಸೇರಬೇಕು. "ಅಣ್ಣಾ, ಗಾಡಿ ಕೆಟ್ಟೋಗಿದೆ, ನಾಳೆ ಬೆಳಿಗ್ಗೆ ಬಂದು ತಗೊಂಡ್ ಹೋಗ್ತೀನಿ, ಸ್ವಲ್ಪ ನೋಡ್ಕೊಳ್ಳಿ" ಎಂದು ನಯವಾಗಿ ಕೇಳಿಕೊಂಡರೆ ಹಳ್ಳಿಯವರು ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಕತ್ತಲಲ್ಲಿ ಕಾಡಿನ ರಸ್ತೆಯಲ್ಲಿ ಬೈಕು ತಳ್ಳುತ್ತಾ ಹೋಗುವುದು ಸಾಹಸವಲ್ಲ, ಹುಡುಗಾಟ. ಗಾಡಿ ರಿಪೇರಿಯಾಗುವವರೆಗೆ ಈಜೋಣವೆಂದು ಸಂಗಮದಲ್ಲಿ ನೀರಿಗಿಳಿಯುವುದೂ ಅಷ್ಟೇ ಅಪಾಯ. ಮೇಲೆ ಶಾಂತವಾಗಿ ಕಾಣುವ ಈ ನೀರು ಅನೇಕರ ಪ್ರಾಣ ತೆಗೆದುಕೊಂಡಿದೆ.

ಮಾಗಡಿಯ ಬಂಡೆಯ ಕೆಳಗೆ

ಕೆಂಪೇಗೌಡರ ಮಾಗಡಿಯದು ಇನ್ನೊಂದು ಬಗೆ. ಏರಿಳಿತದ ಕಿರುದಾರಿಗಳು, ರಾಗಿ ಹೊಲಗಳು, ಎಲ್ಲಿಂದ ನೋಡಿದರೂ ತಲೆಯೆತ್ತಿ ನಿಂತ ಸಾವನದುರ್ಗ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಈ ಏಕಶಿಲಾ ಬೆಟ್ಟದಲ್ಲಿ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಗುಡ್ಡಗಳು. ಬುಡದಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ದೇವಾಲಯಗಳು. 1984ರಲ್ಲಿ ತೆರೆಕಂಡ ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದಿಂದಾಗಿ ಪರದೇಶದವರೂ ಈ ಬಂಡೆಯನ್ನು ತೆರೆಯ ಮೇಲೆ ಕಂಡಿದ್ದಾರೆ.

ಏರುದಾರಿಗಳಲ್ಲಿ ಹೆಚ್ಚಾಗಿ ಬಳಲುವುದು ಕ್ಲಚ್ಚು. ವೈರು ಎಳೆಎಳೆಯಾಗಿ ಹರಿಯತೊಡಗಿ, ಕೊನೆಗೊಮ್ಮೆ ಪಟ್ಟನೆ ಕಿತ್ತುಬರುತ್ತದೆ. ಮುಂದಾಲೋಚನೆಯುಳ್ಳವರು ಹೊಸ ವೈರೊಂದನ್ನು ಹಳೆಯದರ ಪಕ್ಕದಲ್ಲೇ ಟೇಪು ಸುತ್ತಿ ಇಟ್ಟಿರುತ್ತಾರೆ. ಹತ್ತು ನಿಮಿಷದಲ್ಲಿ ತುದಿಗಳನ್ನು ಸಿಕ್ಕಿಸಿ ಹೊರಡಬಹುದು. ನಾಲ್ಕು ಕಾಸಿನ ಮುನ್ನೆಚ್ಚರಿಕೆ ಒಂದು ದಿನವನ್ನೇ ಉಳಿಸುವುದೆಂದರೆ ಇದು.

ಸೀಮೆಯಾಚೆ

ಈ ಪಾಠಗಳನ್ನೇ ಹೊತ್ತು ದೇಶದ ಗಡಿ ದಾಟಿದರೆ ತೊಡಕು ಹೆಚ್ಚಾಗುತ್ತದೆಯೇ ಹೊರತು ಬದಲಾಗುವುದಿಲ್ಲ. ಸ್ವಂತ ಬೈಕನ್ನು ಹೊರದೇಶಕ್ಕೆ ಒಯ್ಯುವವರಿಗೆ ಅನೇಕ ದೇಶಗಳಲ್ಲಿ 'ಕಾರ್ನೆ' ಎಂಬ ಸುಂಕದ ದಾಖಲೆ ಬೇಕು. ಗಾಡಿಯನ್ನು ಅಲ್ಲಿ ಮಾರುವುದಿಲ್ಲ, ಅವಧಿಯೊಳಗೆ ಹೊರಕ್ಕೆ ಒಯ್ಯುತ್ತೇನೆ ಎಂಬ ಖಾತರಿ ಅದು. ಆದ್ದರಿಂದ ಕೆಟ್ಟ ಗಾಡಿಯನ್ನು ರಸ್ತೆಬದಿಯಲ್ಲಿ ಬಿಟ್ಟು ಬಸ್ ಹತ್ತಿ ಬರುವಂತಿಲ್ಲ. ಸತ್ತ ಗಾಡಿಯನ್ನೂ ಹೊತ್ತು ಗಡಿ ದಾಟಿಸಬೇಕು! ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಮ್ಮ ಸಾರಿಗೆ ಕಚೇರಿಯಲ್ಲೇ ಕೊಡುತ್ತಾರೆ. ಅದರ ಅವಧಿ ಒಂದು ವರ್ಷ. ವಿಮೆಯಲ್ಲಿ ಗಾಡಿ ಸಾಗಿಸುವ ಖರ್ಚು ಸೇರಿದೆಯೇ ಎಂದು ಹೊರಡುವ ಮುನ್ನ ಓದಿ ನೋಡಬೇಕು.

ಎಲ್ಲಾ ಉಪಾಯವೂ ಸೋತಾಗ? 1952ರಲ್ಲಿ ಅರ್ಜೆಂಟೀನಾದ 23 ವರ್ಷದ ವೈದ್ಯ ವಿದ್ಯಾರ್ಥಿಯೊಬ್ಬ ತನ್ನ ಗೆಳೆಯ ಅಲ್ಬರ್ಟೊ ಗ್ರನಾಡೊ ಜೊತೆ ಹಳೆಯ ನಾರ್ಟನ್ 500 ಬೈಕಿನಲ್ಲಿ ದಕ್ಷಿಣ ಅಮೆರಿಕ ಸುತ್ತಲು ಹೊರಟ. ಬೈಕಿಗೆ ಇಟ್ಟ ಹೆಸರು 'ಬಲಶಾಲಿ' ಎಂಬ ಅರ್ಥದ್ದು. ತಂತಿ ಸುತ್ತಿ, ಬಿಗಿದು, ಎಷ್ಟು ಸಂತೈಸಿದರೂ ಅದು ಚಿಲಿ ದೇಶದಲ್ಲಿ ಕೊನೆಯುಸಿರೆಳೆಯಿತು. ಗೆಳೆಯರು ಹಿಂತಿರುಗಲಿಲ್ಲ. ಲಾರಿ ಹತ್ತಿದರು, ನಡೆದರು. ತಾಮ್ರದ ಗಣಿಯ ಕೂಲಿಕಾರರನ್ನೂ ಪೆರುವಿನ ಕುಷ್ಠರೋಗಿಗಳನ್ನೂ ಹತ್ತಿರದಿಂದ ಕಂಡರು. ಆ ವಿದ್ಯಾರ್ಥಿಯನ್ನು ಮುಂದೆ ಜಗತ್ತು ಚೆ ಗೆವಾರ ಎಂದು ಕರೆಯಿತು. ಅವರ ರಾಜಕೀಯದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಗಾಡಿ ಕೆಟ್ಟ ಮೇಲೆಯೇ ಅವರು ಜನರ ನಡುವೆ ಇಳಿದರೆಂಬುದು ನಿಜ.

ಹೆತ್ತವರಿಗೊಂದು ಮಾತು

ಮಕ್ಕಳು ಬೈಕ್ ಪ್ರವಾಸದ ಮಾತೆತ್ತಿದರೆ ತಾಯ್ತಂದೆಯರ ಎದೆ ಧಸಕ್ಕೆನ್ನುವುದು ಸಹಜ. ಬೇಡವೆಂದು ಗದರಿಸಿದರೆ ಹೇಳದೆ ಹೋಗುತ್ತಾರೆ. ಹಾಗೆ ಹೋದವರು ದಾರಿಯಲ್ಲಿ ಗಾಡಿ ಕೆಟ್ಟರೂ ಮನೆಗೆ ಫೋನ್ ಮಾಡಲು ಹೆದರುತ್ತಾರೆ. ನಿಜವಾದ ಅಪಾಯ ಇರುವುದು ಅಲ್ಲಿ. ಅದಕ್ಕಿಂತ, ಪರಿಚಯದ ಮೆಕ್ಯಾನಿಕ್ಕಿನ ಬಳಿ ನಾಲ್ಕು ಭಾನುವಾರ ಕೂರಿಸುವುದು ಮೇಲು. ಮಗನಿಗಷ್ಟೇ ಅಲ್ಲ, ಮಗಳಿಗೂ ಪ್ಲಗ್ ಬಿಚ್ಚಲು, ಚೈನ್ ಬಿಗಿ ಮಾಡಲು, ಪಂಚರ್ ಹಾಕಲು ಬರಲಿ. ಅಪರಿಚಿತರ ಬಳಿ ಸಹಾಯ ಕೇಳುವ ವಿನಯವೂ, ಯಾರ ಜೊತೆ ಹೋಗಬಾರದೆಂಬ ಎಚ್ಚರವೂ ಜೊತೆಯಲ್ಲೇ ಬರಲಿ. ಕೆಟ್ಟಾಗ ಮನೆಗೆ ಹೇಳಿದರೆ ಬೈಗುಳ ಸಿಗುವುದಿಲ್ಲವೆಂಬ ಭರವಸೆ ಮಕ್ಕಳಿಗಿರಲಿ.

'ದೇಶ ಸುತ್ತು, ಕೋಶ ಓದು' ಎಂದರು ಹಿರಿಯರು. ಗಾಡಿಯಲ್ಲಿ ಸುತ್ತುವವರು ಗಾಡಿಯನ್ನೂ ಸ್ವಲ್ಪ ಓದಿಕೊಂಡಿರಬೇಕು. ಮುಂದೆ ಕೆಟ್ಟ ಗಾಡಿಯ ಪಕ್ಕ ಪೆಚ್ಚುಮೋರೆ ಹಾಕಿ ನಿಂತ ಪರಊರಿನವರು ಕಂಡರೆ, ಒಂದು ನಿಮಿಷ ನಿಲ್ಲಿಸಿ "ಏನಾಯ್ತು?" ಎಂದು ಕೇಳುವುದೂ ಅದೇ ಓದಿನ ಭಾಗ.

ಹೋಗುವವರಿಗೆ

ಬೆಂಗಳೂರಿನಿಂದ ರಾಮನಗರಕ್ಕೆ ಸುಮಾರು 50 ಕಿ.ಮೀ. ಬೆಳಿಗ್ಗೆ ಬೇಗ ಹೊರಟು ರಾಮನಗರ, ಚನ್ನಪಟ್ಟಣ ನೋಡಿಕೊಂಡು ಒಂದು ದಿನ. ಕನಕಪುರ, ಸಂಗಮಕ್ಕೆ ಒಂದು ದಿನ. ಮಾಗಡಿ, ಸಾವನದುರ್ಗಕ್ಕೆ ಒಂದು ದಿನ ಇಟ್ಟುಕೊಳ್ಳುವುದು ಲೇಸು. ಜೊತೆಯಲ್ಲಿರಲಿ: ಸ್ಪ್ಯಾನರುಗಳು, ಒಂದು ಪ್ಲಗ್, ಕ್ಲಚ್ ವೈರು, ಫ್ಯೂಸು, ಪಂಚರ್ ಸಾಮಾನು, ಟೇಪು, ಕಟ್ಟುವ ತಂತಿ, ಟಾರ್ಚು, ಎರಡು ಲೀಟರ್ ನೀರು, ಕಾಗದದ ಮೇಲೆ ಬರೆದ ಮನೆಯ ಫೋನ್ ನಂಬರು. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ಯಾವುದೇ ತುರ್ತಿಗೆ 112. ಹೆಲ್ಮೆಟ್ ಹಿಂದೆ ಕೂತವರಿಗೂ ಕಡ್ಡಾಯ.